ಬಡ್ತಿ ಇಲ್ಲದ ವರ್ಷ

“ಒಂದು ವರ್ಷ ತಾನೇ, ಹೋಗಲಿ ಬಿಡು.”

2020ರ ಏಪ್ರಿಲ್ ಕೊನೆಯಲ್ಲಿ ಫೋನಿನಲ್ಲಿ ಒಬ್ಬ ಹುಡುಗನಿಗೆ ನಾನು ಹೇಳಿದ ಮಾತು ಇದು. ಹೇಳಿದ್ದು ಇಂಗ್ಲಿಷಿನಲ್ಲಿ, ಆದರೆ ಮಾತು ನಮ್ಮ ಮೈಸೂರಿನ ಮನೆಯದ್ದು. ಪರೀಕ್ಷೆ ಕೆಟ್ಟರೆ, ಮದುವೆ ಮುಂದೆ ಹೋದರೆ, ಸೈಟಿನ ಕಾಗದಪತ್ರ ತಡವಾದರೆ ಅಮ್ಮ ಇದನ್ನೇ ಹೇಳುತ್ತಿದ್ದಳು. ಕೇಳಿದವರ ಮನಸ್ಸು ಹಗುರಾಗುತ್ತಿತ್ತು. ಆ ಹುಡುಗನದ್ದು ಆಗಲಿಲ್ಲ. ಅವನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ “ಹೌದು ಆಂಟಿ” ಅಂದ. ನನ್ನ ಮಗಳ ಆನ್‌ಲೈನ್ ಕ್ಲಾಸು ಹೇಗೆ ನಡೀತಿದೆ ಅಂತ ಕೇಳಿದ. ಇಷ್ಟು ವರ್ಷ ಕಳೆದ ಮೇಲೂ ಆ ನಡುವೆ ಅವನು ಸುಮ್ಮನಿದ್ದದ್ದು ನನ್ನನ್ನು ಬಿಟ್ಟಿಲ್ಲ. ನಾನು ಏನೋ ತಪ್ಪು ಹೇಳಿದೆ ಅಂತ ಆಗಲೇ ಅನಿಸಿತ್ತು. ಏನು ತಪ್ಪು ಅಂತ ಗೊತ್ತಾಗಲಿಕ್ಕೆ ಮೂರು ತಿಂಗಳು ಬೇಕಾಯಿತು.

ಅವನು ಗಾಲ್ಫ್ ಆಡುವ ಹುಡುಗ. ಟೀವಿಯಲ್ಲಿ ಭಾನುವಾರ ಸಂಜೆ ಬರುವ ದೊಡ್ಡ ಗಾಲ್ಫ್ ಅಲ್ಲ, ಅದರ ಕೆಳಗಿನ ಮೆಟ್ಟಿಲು. ಅಮೆರಿಕದಲ್ಲಿ ಆ ದೊಡ್ಡ ಗಾಲ್ಫಿಗೆ, ಅಂದರೆ ಪಿಜಿಎ ಟೂರಿಗೆ, ಹತ್ತಬೇಕು ಅನ್ನುವವರಲ್ಲಿ ಹೆಚ್ಚಿನವರು ಮೊದಲು ಕಾರ್ನ್ ಫೆರಿ ಟೂರ್ ಅನ್ನುವ ಸಣ್ಣ ಟೂರಿನಲ್ಲಿ ಆಡಿ ಗೆದ್ದು ಬರಬೇಕು. 1990ರಲ್ಲಿ ಬೆನ್ ಹೋಗನ್ ಟೂರ್ ಅಂತ ಶುರುವಾದದ್ದು. ಸ್ಪಾನ್ಸರ್ ಬದಲಾದ ಹಾಗೆ ಹೆಸರೂ ಬದಲಾಗುತ್ತಾ ಬಂದು 2019ರಿಂದ ಈ ಹೆಸರು. ಅಕ್ಕನಿಗೆ ವಿವರಿಸುವಾಗ “ನಮ್ಮ ರಣಜಿ ಇದ್ದ ಹಾಗೆ” ಅಂದಿದ್ದೆ. ಆಮೇಲೆ ಯೋಚಿಸಿದರೆ ಅದು ಸರಿಯಾದ ಹೋಲಿಕೆ ಅಲ್ಲ. ರಣಜಿ ಹುಡುಗನಿಗೆ ಆಡಿದ ದಿನಕ್ಕೆ ಇಷ್ಟು ಅಂತ ದುಡ್ಡು ಬರುತ್ತದೆ. ರೂಮು, ಊಟ, ಪ್ರಯಾಣ ಎಲ್ಲ ತಂಡದ್ದು. ಇಲ್ಲಿ ಪೆಟ್ರೋಲು, ರೂಮು, ಚೀಲ ಹೊರುವ ಕ್ಯಾಡಿಯ ಕೂಲಿ, ಊಟ ಎಲ್ಲ ಸ್ವಂತ ಜೇಬಿನಿಂದ. 2020ರಲ್ಲಿ ಒಂದು ಟೂರ್ನಿಯ ಒಟ್ಟು ಬಹುಮಾನ ಸಾಮಾನ್ಯವಾಗಿ 6 ಲಕ್ಷ ಡಾಲರ್ ಆಸುಪಾಸು. ಗೆದ್ದವನಿಗೆ 1,08,000. ಕೇಳಲಿಕ್ಕೆ ದೊಡ್ಡದೇ. ಆದರೆ 150ಕ್ಕೂ ಹೆಚ್ಚು ಜನ ಆಡುತ್ತಾರೆ. ಎರಡು ದಿನ ಆದ ಮೇಲೆ ಅರ್ಧಕ್ಕಿಂತ ಜಾಸ್ತಿ ಜನ ಕಟ್ ತಪ್ಪಿ ಮನೆಗೆ ಹೋಗುತ್ತಾರೆ. ಅವರಿಗೆ ಒಂದು ಪೈಸೆಯೂ ಇಲ್ಲ.

ಹಾಗಾಗಿಯೇ ಊರಿನವರು ಆಟಗಾರರನ್ನು ಮನೆಯಲ್ಲಿ ಇಟ್ಟುಕೊಳ್ಳುವ ಪದ್ಧತಿ ಈ ಟೂರಿನಲ್ಲಿದೆ. ನಾವಿರುವುದು ನೆಬ್ರಾಸ್ಕಾದ ಒಮಾಹಾದಲ್ಲಿ. ಊರಿನ ಪಶ್ಚಿಮಕ್ಕೆ, ಜೋಳದ ಹೊಲಗಳು ಶುರುವಾಗುವ ಕಡೆ, ಇಂಡಿಯನ್ ಕ್ರೀಕ್ ಅನ್ನುವ ಗಾಲ್ಫ್ ಕ್ಲಬ್ ಇದೆ. ಬೇಸಿಗೆಯಲ್ಲಿ ಅಲ್ಲಿ ಪಿನಾಕಲ್ ಬ್ಯಾಂಕ್ ಚಾಂಪಿಯನ್‌ಶಿಪ್ ನಡೆಯುತ್ತದೆ. ನಮ್ಮ ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷ. ನಾನು ಮತ್ತು ಮಗಳು ಅಲ್ಲಿ ಸ್ವಯಂಸೇವಕರು. ಅವಳು ಆಟಗಾರರ ಜೊತೆ ಸ್ಕೋರ್ ಬೋರ್ಡ್ ಹೊತ್ತುಕೊಂಡು ನಡೆಯುತ್ತಾಳೆ, ನಾನು ನೀರು, ಐಸು ನೋಡಿಕೊಳ್ಳುತ್ತೇನೆ. 2019ರಲ್ಲಿ “ಒಬ್ಬ ಹುಡುಗನಿಗೆ ಒಂದು ವಾರ ರೂಮು ಕೊಡ್ತೀರಾ?” ಅಂತ ಕೇಳಿದರು. ಇವರು ಸ್ವಲ್ಪ ಹಿಂದೆ ಮುಂದೆ ನೋಡಿದರು. ಮನೆಯಲ್ಲಿ ಬರೀ ಸೊಪ್ಪು, ಸಾರು, ಅವನಿಗೆ ಹಿಡಿಸುತ್ತದೋ ಇಲ್ಲವೋ ಅಂತ. ನಾನು ಆಗಲಿ ಅಂದೆ.

ಹಲ್ಲುಜ್ಜುವ ಬ್ರಶ್ಶು

ಬಂದವನಿಗೆ 24 ವರ್ಷ. ದಕ್ಷಿಣದ ಒಂದು ಸಣ್ಣ ಊರಿನವನು. ಹಳೇ ಕಾರು, ಅದರ ಹಿಂದಿನ ಸೀಟಿನಲ್ಲಿ ಇಸ್ತ್ರಿ ಮಾಡಿದ ಅಂಗಿಗಳು ಹ್ಯಾಂಗರಿನಲ್ಲೇ ನೇತಾಡುತ್ತಿದ್ದವು. ಬಾಗಿಲಲ್ಲೇ ಶೂ ಬಿಚ್ಚಿದ. ನಾವು ಹೇಳಿರಲಿಲ್ಲ, ಅಲ್ಲಿದ್ದ ನಮ್ಮ ಚಪ್ಪಲಿ ನೋಡಿ ತಾನೇ ಬಿಚ್ಚಿದ. ಮಗಳ ಗೆಳತಿಯರು ನನ್ನನ್ನು ಆಂಟಿ ಅನ್ನುವುದು ಕೇಳಿ ಎರಡನೇ ದಿನದಿಂದ ಅವನೂ ಆಂಟಿ ಅನ್ನಲಿಕ್ಕೆ ಶುರು ಮಾಡಿದ.

ಆ ವಾರ ಅವನಿಗೂ ಕಟ್ ತಪ್ಪಿತು, ಒಂದೇ ಒಂದು ಹೊಡೆತದಲ್ಲಿ. ಶುಕ್ರವಾರ ಸಂಜೆ ಕೊನೇ ಹೋಲಿನ ಗ್ರೀನಿನ ಪಕ್ಕ ನಾನು ನಿಂತಿದ್ದೆ. ಆರಡಿ ದೂರದ ಪಟ್. ಚೆಂಡು ಗುಂಡಿಯ ಬಾಯಿ ಸುತ್ತಿ ಆಚೆ ಬಂತು. ಅವನು ಬಗ್ಗಿ ಅದನ್ನು ಒಳಗೆ ತಳ್ಳಿದ, ಟೋಪಿ ತೆಗೆದ, ಜೊತೆಯವರ ಕೈ ಕುಲುಕಿದ, ನನ್ನ ಮಗಳಿಗೆ ಥ್ಯಾಂಕ್ಸ್ ಹೇಳಿ ಚೆಂಡನ್ನು ಅವಳ ಕೈಗೆ ಕೊಟ್ಟ. ಮುಖದಲ್ಲಿ ಏನೂ ತೋರಿಸಲಿಲ್ಲ.

ಮನೆಗೆ ಬಂದ ಮೇಲೆ ಸ್ನಾನಕ್ಕೂ ಹೋಗದೆ ಗ್ಯಾರೇಜಿನ ನಲ್ಲಿ ಹತ್ತಿರ ಕೂತ. “ಆಂಟಿ, ಹಳೇದು ಹಲ್ಲುಜ್ಜುವ ಬ್ರಶ್ ಇದೆಯಾ?” ಅಂತ ಕೇಳಿದ. ಕೊಟ್ಟೆ. ಶೂ ತಲೆಕೆಳಗೆ ಮಾಡಿ ಅಡಿಯ ಒಂದೊಂದೇ ಮುಳ್ಳಿನ ಸುತ್ತಲಿನ ಮಣ್ಣು, ಹುಲ್ಲು ತೆಗೆದ. ಅರ್ಧ ಗಂಟೆ ಅದನ್ನೇ ಮಾಡಿದ. ಆಮೇಲೆ ಕ್ಲಬ್ಬುಗಳ ಮುಖದ ಗೆರೆಗಳನ್ನು ಅದೇ ಬ್ರಶ್ಶಿನಿಂದ ಉಜ್ಜಿದ. ನಾನು ಒಳಗಿನಿಂದ ನೋಡುತ್ತಿದ್ದೆ. ನಮ್ಮ ತಾತ ಸಂಜೆ ಹೊಲದಿಂದ ಬಂದು ಕುಡುಗೋಲು ತೊಳೆದಿಡುತ್ತಿದ್ದದ್ದು ನೆನಪಾಯಿತು. ಬೆಳೆ ಹೋದ ವರ್ಷವೂ ತಾತ ಕುಡುಗೋಲು ತೊಳೆದೇ ಇಡುತ್ತಿದ್ದರು.

ರಾತ್ರಿ ಮೊಸರನ್ನ ತಿಂದ. ಮೊದಲ ದಿನ ಒಗ್ಗರಣೆಯ ಮೆಣಸಿನಕಾಯಿ ಅಚ್ಚರಿಯಿಂದ ಪಕ್ಕಕ್ಕಿಟ್ಟವನು ಅವತ್ತು ನೆಂಚಿಕೊಂಡ. ತಟ್ಟೆ ತೊಳೆದಿಟ್ಟು ಅಡುಗೆಮನೆ ಮೇಜಿನ ಮೇಲೆ ಒಂದು ಸಣ್ಣ ನೋಟ್‌ಬುಕ್ ತೆಗೆದ. ಆ ವಾರದ ಖರ್ಚು ಬರೆಯುತ್ತಾ ಹೋದ. ಪೆಟ್ರೋಲು. ಕ್ಯಾಡಿಯಾಗಿ ಬಂದಿದ್ದ ಕಾಲೇಜಿನ ಗೆಳೆಯನಿಗೆ ಕೊಟ್ಟದ್ದು. ಪ್ರವೇಶ ಶುಲ್ಕ. ದಾರಿಯ ಊಟ. ಬಂದದ್ದು ಅನ್ನುವ ಕಡೆ ಒಂದು ಸೊನ್ನೆ ಹಾಕಿದ. ರೂಮು ಅನ್ನುವ ಕಡೆಯೂ ಸೊನ್ನೆ. ಅದನ್ನು ಬೆರಳಿನಿಂದ ತೋರಿಸಿ, ಈ ಸೊನ್ನೆ ಮಾತ್ರ ಒಳ್ಳೇದು ಅಂದ. ಬೆಳಿಗ್ಗೆ ಐದಕ್ಕೆ ಹೊರಟುಹೋಗಿದ್ದ. ಹಾಸಿಗೆ ಬಟ್ಟೆ ಮಡಿಸಿಟ್ಟಿತ್ತು.

ಆ ಡಿಸೆಂಬರಿನಲ್ಲಿ ಫ್ಲಾರಿಡಾದಲ್ಲಿ ನಡೆದ ಕ್ಯೂ-ಸ್ಕೂಲಿನ ಕೊನೇ ಹಂತದ ತನಕ ಹೋದ. ಕ್ಯೂ-ಸ್ಕೂಲ್ ಅಂದರೆ ಶಾಲೆಯಲ್ಲ, ಟೂರಿಗೆ ಸೇರಲಿಕ್ಕೆ ಇರುವ ಅರ್ಹತಾ ಪಂದ್ಯಗಳು. ಆದರೆ ಮೇಲಿನ ಸ್ಥಾನ ಬರಲಿಲ್ಲ. ಸಿಕ್ಕಿದ್ದು ಅರ್ಧ ಸದಸ್ಯತ್ವ. ಜಾಗ ಖಾಲಿ ಇದ್ದರೆ ಆಡು, ಇಲ್ಲದಿದ್ದರೆ ಕಾಯಿ. ಅವನಿಗೆ ಅದೇ ದೊಡ್ಡ ಸಂತೋಷ. ಮೆಸೇಜಿನಲ್ಲಿ ಉದ್ದಕ್ಕೆ ಆಶ್ಚರ್ಯ ಚಿಹ್ನೆಗಳು.

ಯಾರೂ ಇಳಿಯದ ಬಸ್ಸು

2020ರ ಸೀಸನ್ ಜನವರಿಯಲ್ಲಿ ಬಹಾಮಾಸ್ ದ್ವೀಪಗಳಲ್ಲಿ ಶುರುವಾಯಿತು. ಅಲ್ಲಿ ಎರಡು, ಆಮೇಲೆ ಪನಾಮಾ, ಬೊಗೊಟಾ, ಫ್ಲಾರಿಡಾ, ಮಾರ್ಚ್ 1ಕ್ಕೆ ಮೆಕ್ಸಿಕೋದ ಲಿಯೋನ್. ಆರು ಟೂರ್ನಿಗಳು ಮುಗಿದಿದ್ದವು. ಮುಂದಿನದು ಲೂಸಿಯಾನಾದಲ್ಲಿ ಇರಬೇಕಿತ್ತು. ಅಷ್ಟರಲ್ಲಿ ಮಾರ್ಚ್ 12ರ ರಾತ್ರಿ ಬಂತು. ಫ್ಲಾರಿಡಾದಲ್ಲಿ ನಡೆಯುತ್ತಿದ್ದ ದೊಡ್ಡ ಟೂರಿನ ಪ್ಲೇಯರ್ಸ್ ಚಾಂಪಿಯನ್‌ಶಿಪ್ಪನ್ನು ಮೊದಲ ಸುತ್ತು ಮುಗಿದ ಮೇಲೆ ನಿಲ್ಲಿಸಿಬಿಟ್ಟರು. ದೊಡ್ಡದು ನಿಂತ ಮೇಲೆ ಚಿಕ್ಕದು ನಡೆಯುವುದುಂಟೇ?

ನಮ್ಮ ಊರಿಗೆ ಈ ಕೋವಿಡ್ ಕಾಯಿಲೆಯ ಸುದ್ದಿ ಬೇರೆಯವರಿಗಿಂತ ಬೇಗ ಮುಟ್ಟಿತ್ತು. ಜಪಾನಿನಲ್ಲಿ ನಿಂತಿದ್ದ ಹಡಗಿನಿಂದ ಬಿಡಿಸಿ ತಂದ ಕೆಲವರನ್ನು ಫೆಬ್ರವರಿಯಲ್ಲೇ ಒಮಾಹಾದ ವಿಶ್ವವಿದ್ಯಾಲಯದ ಆಸ್ಪತ್ರೆ ಆವರಣಕ್ಕೆ ಕರೆತಂದಿದ್ದರು. ಆಗಲೂ ಅದು ಅಲ್ಲೆಲ್ಲೋ ಗಾಜಿನ ಹಿಂದೆ ಇರುವ ವಿಷಯ ಅನ್ನುವ ಹಾಗಿತ್ತು. ಮಾರ್ಚ್ 25ರ ಯುಗಾದಿಗೆ ದೇವಸ್ಥಾನ ಮುಚ್ಚಿತ್ತು. ಮನೆಯಲ್ಲೇ ಬೇವು ಬೆಲ್ಲ ತಿಂದೆವು. ಜೂನಿನ ಕಾಲೇಜ್ ವರ್ಲ್ಡ್ ಸೀರೀಸ್ ಬೇಸ್‌ಬಾಲ್ ರದ್ದಾಯಿತು ಅಂದಾಗ ಮಾತ್ರ ಪಕ್ಕದ ಮನೆಯ ಅಜ್ಜ ಗೇಟಿನ ಹತ್ತಿರ ನಿಂತು ಕಣ್ಣು ಒರೆಸಿಕೊಂಡದ್ದು ನೋಡಿದೆ. ಒಮಾಹಾದವರಿಗೆ ಅದು ನಮ್ಮ ದಸರಾ ಇದ್ದ ಹಾಗೆ.

ಏಪ್ರಿಲ್ ಕೊನೆಯಲ್ಲಿ ಟೂರಿನವರು ನಿರ್ಧಾರ ಹೇಳಿದರು. 2020 ಮತ್ತು 2021 ಎರಡೂ ಸೇರಿ ಒಂದೇ ಸೀಸನ್. ಆಗೆಲ್ಲ ಸಾಮಾನ್ಯವಾಗಿ ವರ್ಷದ ಕೊನೆಯಲ್ಲಿ ಅಂಕಪಟ್ಟಿಯ ಮೊದಲ 25 ಜನರಿಗೆ ಪಿಜಿಎ ಟೂರಿನ ಕಾರ್ಡ್, ಅಂದರೆ ಅಲ್ಲಿ ಆಡುವ ಹಕ್ಕು, ಸಿಗುತ್ತಿತ್ತು. ಆಮೇಲೆ ಫೈನಲ್ಸ್ ಅಂತ ಮೂರು ಟೂರ್ನಿ, ಅದರಿಂದ ಇನ್ನೂ 25. 2020ರಲ್ಲಿ ಯಾರಿಗೂ ಇಲ್ಲ. ಕಾರ್ಡ್ ಕೊಡುವುದು 2021ರ ಆಗಸ್ಟಿಗೆ. ಆ ಸುದ್ದಿ ಬಂದ ದಿನವೇ ನಾನು ಅವನಿಗೆ ಫೋನ್ ಮಾಡಿ ಆ ಮಾತು ಹೇಳಿದ್ದು.

ಇದರಲ್ಲಿ ಯಾರ ಕೆಟ್ಟ ಮನಸ್ಸೂ ಇರಲಿಲ್ಲ. ಮೇಲಿನ ಟೂರಿನಲ್ಲಿ ಮೂರು ತಿಂಗಳು ಆಟವೇ ಇಲ್ಲ. ಹಾಗಿರುವಾಗ ಅಂಕ ಸಾಲದು ಅಂತ ಅಲ್ಲಿದ್ದವರನ್ನು ಹೊರಗೆ ಹಾಕುವುದು ನ್ಯಾಯವಲ್ಲ. ಹಾಗಾಗಿ ಎಲ್ಲರಿಗೂ ಇದ್ದ ಜಾಗ ಇನ್ನೊಂದು ವರ್ಷಕ್ಕೆ ಖಾತ್ರಿ ಮಾಡಿದರು. ಮೇಲಿನ ಬಸ್ಸಿನಿಂದ ಯಾರೂ ಇಳಿಯಲಿಲ್ಲ. ಯಾರೂ ಇಳಿಯದಿದ್ದರೆ ಸ್ಟಾಪಿನಲ್ಲಿ ನಿಂತವರು ಹತ್ತುವುದು ಹೇಗೆ? ಕೆಳಗಿನ ಟೂರಿನವರಿಗೂ ಅವರವರ ಜಾಗ ಹಾಗೇ ಇಟ್ಟರು. ಆಗ ಅದಕ್ಕೂ ಕೆಳಗೆ ನಿಂತವರಿಗೆ ಬಾಗಿಲು ಮುಚ್ಚಿತು. ಜೂನಿನಲ್ಲಿ ಆ ವರ್ಷದ ಕ್ಯೂ-ಸ್ಕೂಲನ್ನೇ ರದ್ದು ಮಾಡಿದರು. ಕೆನಡಾದ ಟೂರ್ ಆ ಬೇಸಿಗೆ ನಡೆಯಲೇ ಇಲ್ಲ, ಚೀನಾದ್ದೂ ಇಲ್ಲ. ಹೆಣ್ಣುಮಕ್ಕಳ ಸಿಮೆಟ್ರಾ ಟೂರಿನಲ್ಲಿ ಮಾತ್ರ ಕಾರ್ಡ್ ಕೊಟ್ಟರು, ಆದರೆ 10ರ ಬದಲು 5.

ಅದೇ ಸಮಯಕ್ಕೆ ಊರಿನಿಂದ ಬರುತ್ತಿದ್ದ ಸುದ್ದಿಯೂ ಇಂಥದ್ದೇ. ಗುರುಗ್ರಾಮದಲ್ಲಿ ಮಾರ್ಚ್ 19ಕ್ಕೆ ಶುರುವಾಗಬೇಕಿದ್ದ ಇಂಡಿಯನ್ ಓಪನ್ ಮುಂದಕ್ಕೆ ಹೋಯಿತು. ಮುಂದಕ್ಕೆ ಹೋದದ್ದು ಮತ್ತೆ ನಡೆದದ್ದು 2023ರಲ್ಲಿ. ಭಾರತದ ವೃತ್ತಿಪರ ಟೂರ್ ಮತ್ತೆ ಶುರುವಾಗಲಿಕ್ಕೆ ನವೆಂಬರ್ ಬಂತು. ಇಂಡಿಯನ್ ಓಪನ್ ಅಂದರೆ ನನಗೆ ನೆನಪಾಗುವುದು ಸಿ. ಮುನಿಯಪ್ಪ. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಬೇರೆಯವರ ಚೀಲ ಹೊತ್ತವರು 2009ರಲ್ಲಿ ಸಮಬಲವಾದ ಮೇಲೆ ಪ್ಲೇಆಫ್ ಆಡಿ ಅದನ್ನು ಗೆದ್ದರು. ಒಂದು ವಾರದ ಆಟ ಒಬ್ಬ ಮನುಷ್ಯನ ಬದುಕನ್ನು ಎಲ್ಲಿಂದ ಎಲ್ಲಿಗೆ ಒಯ್ಯುತ್ತದೆ ಅಲ್ವಾ? ಆ ವಾರವೇ ಕ್ಯಾಲೆಂಡರಿನಲ್ಲಿ ಇಲ್ಲದಿದ್ದರೆ? ಇಂಥವರಿಗೆ ಮತ್ತೆ ಮತ್ತೆ ಬಾಗಿಲು ತಟ್ಟುವಷ್ಟು ಪುರಸೊತ್ತು ಇರುವುದಿಲ್ಲ. ಮೈಸೂರಿನಲ್ಲಿ ರೇಸ್ ಕೋರ್ಸ್ ಕಡೆಯ ಗಾಲ್ಫ್ ಮೈದಾನದ ಹತ್ತಿರ ಬೆಳಿಗ್ಗೆ ಕ್ಯಾಡಿಗಳು ಕೆಲಸಕ್ಕೆ ಕಾದು ನಿಲ್ಲುತ್ತಿದ್ದರು. ಚಿಕ್ಕವಳಿದ್ದಾಗ ಅಪ್ಪನ ಸ್ಕೂಟರಿನ ಮುಂದೆ ನಿಂತು ದಿನಾ ನೋಡುತ್ತಿದ್ದೆ. ಲಾಕ್‌ಡೌನಿನಲ್ಲಿ ಅವರ ದಿನಗೂಲಿ ಏನಾಯಿತು ಅಂತ ಯಾರೂ ಬರೆದದ್ದು ನಾನು ಓದಲಿಲ್ಲ.

ಡ್ರೈವ್‌ವೇಯಲ್ಲಿ ಇಟ್ಟ ಡಬ್ಬಿ

ಜೂನ್ 11ಕ್ಕೆ ಫ್ಲಾರಿಡಾದಲ್ಲಿ ಆಟ ಮತ್ತೆ ಶುರುವಾಯಿತು. ಪ್ರೇಕ್ಷಕರಿಲ್ಲ, ಕೈ ಕುಲುಕುವಂತಿಲ್ಲ. ಮೊದಲ ಟೂರ್ನಿ ಗೆದ್ದವರು ಲ್ಯೂಕ್ ಲಿಸ್ಟ್, ಎರಡನೆಯದು ಕ್ರಿಸ್ ಕರ್ಕ್. ಇಬ್ಬರೂ ಮೇಲಿನ ಟೂರಿನಲ್ಲಿ ವರ್ಷಗಟ್ಟಲೆ ಆಡಿದವರು. ಕರ್ಕ್ ಅಲ್ಲಿ ನಾಲ್ಕು ಸಲ ಗೆದ್ದಿದ್ದವರು. ಅಲ್ಲಿ ಜಾಗ ಸಿಗದಿದ್ದಾಗ ಇಲ್ಲಿ ಬಂದು ಆಡಿದರು, ಅದು ಅವರ ಹಕ್ಕು. ಆದರೆ ಮೇಲಿನಿಂದ ಒಬ್ಬ ಇಳಿದರೆ ಕೆಳಗಿನ ಪಟ್ಟಿಯ ಕೊನೆಯಲ್ಲಿ ಒಬ್ಬ ಹೊರಗೆ ಹೋಗುತ್ತಾನೆ. ನಮ್ಮ ಹುಡುಗ ಇದ್ದದ್ದು ಆ ಕೊನೆಯಲ್ಲೇ. ಜೂನ್ ಪೂರ್ತಿ ಅವನಿಗೆ ಒಂದೂ ಟೂರ್ನಿ ಸಿಗಲಿಲ್ಲ. ಊರಿನಲ್ಲಿ ಮನೆಮನೆಗೆ ದಿನಸಿ ಮುಟ್ಟಿಸುವ ಕೆಲಸ ಮಾಡುತ್ತಿದ್ದ. ಸಂಜೆ ಬೆಳಕಿರುವ ತನಕ ಅಭ್ಯಾಸ.

ಜುಲೈ ಕೊನೆಗೆ ಟೂರ್ ಒಮಾಹಾಕ್ಕೆ ಬಂತು. ಈ ಸಲ ನಮ್ಮ ಮನೆಯಲ್ಲಿ ಯಾರನ್ನೂ ಇಟ್ಟುಕೊಳ್ಳುವ ಹಾಗಿರಲಿಲ್ಲ. ಇವರಿಗೆ ಸಕ್ಕರೆ ಕಾಯಿಲೆ ಇದೆ, ಹೆದರಿಕೆಯಿತ್ತು. ಬುಧವಾರ ಸಂಜೆ ಅವನ ಮೆಸೇಜು ಬಂತು. ಊರಿನಲ್ಲೇ ಇದ್ದೇನೆ, ಕಾಯುವ ಪಟ್ಟಿಯಲ್ಲಿ ಎರಡನೆಯವನು, ನಾಳೆ ಜಾಗ ಸಿಗಬಹುದು. ಅಗ್ಗದ ಹೋಟೆಲಿನಲ್ಲಿ ರೂಮು ಮಾಡಿದ್ದ. ಬಂದು ಊಟ ತಗೊಂಡು ಹೋಗು ಅಂದೆ.

ಸ್ಟೀಲ್ ಡಬ್ಬಿಯಲ್ಲಿ ಚಿತ್ರಾನ್ನ, ಮೇಲೊಂದು ಚಿಕ್ಕ ಡಬ್ಬಿಯಲ್ಲಿ ಮೊಸರು. ಡ್ರೈವ್‌ವೇ ತುದಿಯಲ್ಲಿ ಒಂದು ಸ್ಟೂಲ್ ಇಟ್ಟು ಅದರ ಮೇಲೆ ಡಬ್ಬಿ ಇಟ್ಟು ನಾವು ಮೂವರೂ ಗ್ಯಾರೇಜಿನ ಬಾಗಿಲಿಗೆ ಸರಿದೆವು. ಅವನು ಮಾಸ್ಕ್ ಹಾಕಿಕೊಂಡು ಕಾರಿನಿಂದ ಇಳಿದ. ತೆಳ್ಳಗಾಗಿದ್ದ. ಹೋದ ವರ್ಷ ಮನೆಯೊಳಗೆ ಬರಿಗಾಲಲ್ಲಿ ಓಡಾಡಿದವನನ್ನು ಇಪ್ಪತ್ತಡಿ ದೂರ ನಿಲ್ಲಿಸಿ ಮಾತಾಡಿಸುವುದು ನನಗೆ ಬಹಳ ಕಷ್ಟವಾಯಿತು. ಮಗಳು ಮೂಲೆಯಿಂದ ಅವನು ಕೊಟ್ಟಿದ್ದ ಚೆಂಡು ಎತ್ತಿ ತೋರಿಸಿದಳು. ಅವನು ಕೈ ಬೀಸಿದ.

ಅವತ್ತು ಅಲ್ಲಿ ನಿಂತುಕೊಂಡೇ ಅವನು ಹೇಳಿದ. ಅವನ ಊರಿನ ಎಂಟು ಜನ ಸೇರಿ ದುಡ್ಡು ಹಾಕಿದ್ದರು. ಹಲ್ಲಿನ ಡಾಕ್ಟರ್ ಒಬ್ಬರು, ಟ್ರ್ಯಾಕ್ಟರ್ ಮಾರುವವರು, ಅವನ ಹೈಸ್ಕೂಲ್ ಮೇಷ್ಟ್ರು, ಹೋಟೆಲ್ ನಡೆಸುವ ದಂಪತಿ, ಹೀಗೆ. ಎರಡು ವರ್ಷ ಆಡಲಿಕ್ಕೆ ಅಂತ ಲೆಕ್ಕ. 2020 ಮತ್ತು 2021. ಅಷ್ಟರಲ್ಲಿ ಕಾರ್ಡ್ ಬಂದರೆ ಬಂತು, ಇಲ್ಲದಿದ್ದರೆ ಬೇರೆ ಕೆಲಸ ನೋಡುತ್ತೇನೆ ಅಂತ ಮಾತು ಕೊಟ್ಟಿದ್ದ. ಹೋಟೆಲಿನವರು ಏಪ್ರಿಲಿನಲ್ಲೇ ಬಾಗಿಲು ಹಾಕಿದ್ದರು. ಉಳಿದ ದುಡ್ಡು ವಾಪಸ್ ಕೊಡಿ ಅಂತ ಅವರು ಕೇಳಿರಲಿಲ್ಲ. ಇವನೇ ಅವರ ಪಾಲು ವಾಪಸ್ ಕೊಟ್ಟುಬಂದಿದ್ದ.

ಆಗ ನನಗೆ ಅರ್ಥವಾಯಿತು. ನಾನು ಒಂದು ವರ್ಷ ತಾನೇ ಅಂದಿದ್ದೆ. ಅವನ ಹತ್ತಿರ ಇದ್ದದ್ದೇ ಎರಡು.

ಮರುದಿನ ಗುರುವಾರ ಬೆಳಿಗ್ಗೆ ಆರಕ್ಕೆ ಅವನು ಕ್ಲಬ್ಬಿಗೆ ಹೋದ. ಆಡುವವರ ಪಟ್ಟಿಯಲ್ಲಿ ಯಾರಾದರೂ ಹಿಂದೆ ಸರಿದರೆ, ಬೆನ್ನು ಹಿಡಿದರೆ, ಟೆಸ್ಟಿನಲ್ಲಿ ಪಾಸಿಟಿವ್ ಬಂದರೆ ಕಾಯುವವನಿಗೆ ಜಾಗ. ಮೊದಲ ಗುಂಪು ಹೊಡೆಯುವಾಗಿನಿಂದ ಕೊನೇ ಗುಂಪಿನ ತನಕ ಅಲ್ಲೇ ಇರಬೇಕು, ಕರೆದ ಕೂಡಲೇ ಟೀ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗದ, ಹತ್ತಿರ ನಿಲ್ಲಬೇಕು. ಮೈ ಬಿಸಿ ಇಟ್ಟುಕೊಳ್ಳಲಿಕ್ಕೆ ಗಂಟೆಗೊಮ್ಮೆ ಹತ್ತು ಚೆಂಡು ಹೊಡೆದು ಬರುತ್ತಿದ್ದನಂತೆ. ಡಬ್ಬಿಯ ಚಿತ್ರಾನ್ನ ಹನ್ನೊಂದಕ್ಕೆ ಕಾರಿನಲ್ಲಿ ಕೂತು ತಿಂದನಂತೆ. ಒಬ್ಬ ಹಿಂದೆ ಸರಿದ. ಪಟ್ಟಿಯ ಮೊದಲನೆಯವನು ಒಳಗೆ ಹೋದ. ಈಗ ಇವನೇ ಮೊದಲು. ಮಧ್ಯಾಹ್ನ ಕೊನೇ ಗುಂಪು ಹೊರಟಿತು. ಇನ್ಯಾರೂ ಸರಿಯಲಿಲ್ಲ. ಇಷ್ಟನ್ನೂ ಸಂಜೆ ಫೋನಿನಲ್ಲಿ ಹೇಳಿ, ಈಗ ಅಯೋವಾ ದಾಟುತ್ತಿದ್ದೇನೆ, ಡಬ್ಬಿ ನನ್ನ ಹತ್ತಿರವೇ ಉಳಿಯಿತು ಆಂಟಿ, ಸಾರಿ ಅಂದ. ಡಬ್ಬಿ ಇಟ್ಟುಕೋ ಅಂದೆ. ಒಂದು ವರ್ಷ ತಾನೇ ಅಂತ ಮತ್ತೆ ಹೇಳಲಿಲ್ಲ.

ಚೆನ್ನಾಗಿ ಆಡಿದವರ ಕಥೆ

ಆಡಲಿಕ್ಕೆ ಸಿಕ್ಕವರಿಗೂ ಆ ಸೀಸನ್ ವಿಚಿತ್ರವೇ. ವಿಲ್ ಜ಼ಲಟೋರಿಸ್ ಅನ್ನುವ ತೆಳ್ಳಗಿನ ಹುಡುಗ ಜುಲೈನಲ್ಲಿ ಕೊಲರಾಡೋದಲ್ಲಿ ಗೆದ್ದ, ಅಂಕಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಬಂದ. ಬೇರೆ ಯಾವ ವರ್ಷವಾದರೂ ಸೆಪ್ಟೆಂಬರಿಗೆ ಕಾರ್ಡ್ ಕೈಗೆ ಬರುತ್ತಿತ್ತು. ಬರಲಿಲ್ಲ. ಆದರೆ ಆ ಸಲ ಗಾಲ್ಫಿನ ಅತಿ ದೊಡ್ಡ ಟೂರ್ನಿಗಳಲ್ಲೊಂದಾದ ಯು.ಎಸ್. ಓಪನ್ನಿನ ಅರ್ಹತಾ ಸುತ್ತುಗಳೂ ರದ್ದಾಗಿದ್ದರಿಂದ ಕಾರ್ನ್ ಫೆರಿ ಅಂಕಪಟ್ಟಿಯ ಮೇಲಿನವರಿಗೆ ಅಲ್ಲಿ ಜಾಗ ಕೊಟ್ಟಿದ್ದರು. ಆ ಒಂದು ಕಿಂಡಿಯಿಂದ ಅವನು ಒಳಗೆ ಹೋಗಿ ಆರನೇ ಸ್ಥಾನ ಹಂಚಿಕೊಂಡ. ಆಮೇಲೆ ಮೇಲಿನ ಟೂರಿನ ತಾತ್ಕಾಲಿಕ ಸದಸ್ಯತ್ವ ಸಿಕ್ಕಿತು. 2021ರ ಏಪ್ರಿಲಿನಲ್ಲಿ ಅಷ್ಟೇ ದೊಡ್ಡದಾದ ಮಾಸ್ಟರ್ಸ್ ಟೂರ್ನಿಯಲ್ಲಿ ಒಂದೇ ಹೊಡೆತದ ಅಂತರದಲ್ಲಿ ಎರಡನೆಯವನಾದ. ಆ ವರ್ಷದ ಅತ್ಯುತ್ತಮ ಹೊಸಬ ಅನ್ನುವ ಪ್ರಶಸ್ತಿಯೂ ಬಂತು. ಇಷ್ಟೆಲ್ಲ ಆದರೂ ತಾತ್ಕಾಲಿಕ ಸದಸ್ಯ ಅನ್ನುವ ಕಾರಣಕ್ಕೆ ಸೀಸನ್ ಕೊನೆಯ ಪ್ಲೇಆಫ್ ಟೂರ್ನಿಗಳಲ್ಲಿ ಅವನಿಗೆ ಆಡಲಿಕ್ಕೆ ಬಿಡಲಿಲ್ಲ. ಹೊಸಬರಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿದವನಿಗೆ!

ಚಿಲಿ ದೇಶದ ಮೀಟೋ ಪೆರೇರಾ ಅವರದ್ದು ಇನ್ನೊಂದು ಥರ. ಒಂದೇ ಸೀಸನ್‌ನಲ್ಲಿ ಮೂರು ಗೆದ್ದರೆ ಆ ಕ್ಷಣವೇ ಮೇಲಿನ ಟೂರಿಗೆ ಬಡ್ತಿ ಅನ್ನುವ ನಿಯಮ ಇದೆ. ಅವರು 2020ರ ಫೆಬ್ರವರಿಯಲ್ಲಿ ಬೊಗೊಟಾದಲ್ಲಿ ಗೆದ್ದರು. ಆಮೇಲೆ 2021ರ ಜೂನಿನಲ್ಲಿ ಬೆನ್ನುಬೆನ್ನಿಗೆ ಎರಡು. ಮೊದಲ ಗೆಲುವಿಗೂ ಕೊನೆಯದಕ್ಕೂ ನಡುವೆ 16 ತಿಂಗಳು, ಒಂದು ಇಡೀ ಲಾಕ್‌ಡೌನು. ಆದರೂ ಲೆಕ್ಕದಲ್ಲಿ ಒಂದೇ ಸೀಸನ್. ಬಡ್ತಿ ಸಿಕ್ಕಿತು. ಉದ್ದವಾದ ಸೀಸನ್ ಕೆಲವರಿಗೆ ಹೀಗೆ ಕೈ ಹಿಡಿದದ್ದನ್ನೂ ಹೇಳಬೇಕು.

ನಮ್ಮ ತೆಲುಗು ಗೆಳೆಯರ ಮನೆಗಳಲ್ಲಿ ಈಗ ಎಲ್ಲರಿಗೂ ಗೊತ್ತಿರುವ ಸಾಹಿತ್ ತೀಗಲ ಇದ್ದಾರಲ್ಲ, ಅವರು 2020ರಲ್ಲಿ ಕಾಲೇಜ್ ಗಾಲ್ಫಿನ ಮೂರೂ ದೊಡ್ಡ ಪ್ರಶಸ್ತಿ ಗೆದ್ದು ಆ ಜೂನಿನಲ್ಲೇ ವೃತ್ತಿಗೆ ಇಳಿದವರು. ಇಳಿದ ಹೊತ್ತಿಗೆ ಕ್ಯೂ-ಸ್ಕೂಲ್ ಬಾಗಿಲು ಹಾಕಿತ್ತು. ದೇಶದಲ್ಲೇ ಮೊದಲನೆಯವನಾಗಿ ಪಾಸಾದವನಿಗೂ ಪರೀಕ್ಷೆ ಬರೆಯಲಿಕ್ಕೆ ಹಾಲ್ ಇಲ್ಲ. ಆಮಂತ್ರಣ ಸಿಕ್ಕಲ್ಲೆಲ್ಲ ಆಡಿ, ಸಣ್ಣಪುಟ್ಟ ಟೂರುಗಳಲ್ಲಿ ಆಡಿ, 2021ರ ಫೈನಲ್ಸ್ ಮೂಲಕ ಕಾರ್ಡ್ ಪಡೆದರು.

ಪರೀಕ್ಷೆ ಅಂದಾಗ ಅಕ್ಕನ ಮಗಳ ವಿಷಯ ಹೇಳಬೇಕು. 2021ರಲ್ಲಿ ಅವಳು ಸೆಕೆಂಡ್ ಪಿಯುಸಿ. ಆ ವರ್ಷ ಕರ್ನಾಟಕದಲ್ಲಿ ಪರೀಕ್ಷೆ ಮಾಡಲೇ ಇಲ್ಲ, ಹಿಂದಿನ ಅಂಕ ನೋಡಿ ಎಲ್ಲರನ್ನೂ ಪಾಸ್ ಮಾಡಿದರು. ಎಸ್ಸೆಸ್ಸೆಲ್ಸಿಯಲ್ಲಿ ಜ್ವರದಿಂದ ಕಡಿಮೆ ಅಂಕ ತೆಗೆದಿದ್ದ ಹುಡುಗಿ ಪಿಯುಸಿಯಲ್ಲಿ ತೋರಿಸುತ್ತೇನೆ ಅಂತ ಎರಡು ವರ್ಷ ಓದಿದ್ದಳು. “ಚಿಕ್ಕಮ್ಮ, ನಾನು ಓದಿದ್ದು ಯಾರಿಗೂ ಗೊತ್ತೇ ಆಗಲಿಲ್ಲ” ಅಂತ ಫೋನಿನಲ್ಲಿ ಅತ್ತಳು. ಅಲ್ಲಿ ಎಲ್ಲರೂ ಪಾಸು, ಇಲ್ಲಿ ಯಾರಿಗೂ ಬಡ್ತಿಯಿಲ್ಲ. ಮೇಲ್ನೋಟಕ್ಕೆ ಪೂರ್ತಿ ಉಲ್ಟಾ. ಆದರೆ ಅವಳ ದನಿಯೂ ಆ ಹುಡುಗನ ಮೌನವೂ ನನಗೆ ಒಂದೇ ಥರ ಕೇಳಿಸಿದವು. ಇಬ್ಬರೂ ತಮ್ಮನ್ನು ಅಳೆದು ನೋಡಿ ಅಂತ ಕೇಳುತ್ತಿದ್ದರು. ಅಳತೆಪಟ್ಟಿಯನ್ನೇ ಎತ್ತಿಟ್ಟುಬಿಟ್ಟರೆ ಸೋತವನಿಗೆ ಸಮಾಧಾನವಾಗಬಹುದೇನೋ. ಗೆಲ್ಲುತ್ತೇನೆ ಅಂತ ನಂಬಿದವನ ಕಷ್ಟ ಬೇರೆ. ದೊಡ್ಡವರು ನಾವು ಆ ಎರಡು ವರ್ಷ ಮಕ್ಕಳಿಗೆ ಹುಷಾರಾಗಿರಿ, ಜೀವ ಇದ್ದರೆ ಸಾಕು ಅಂತ ಹೇಳುತ್ತಲೇ ಇದ್ದೆವು. ಅದು ನಿಜವೇ, ನಮ್ಮ ಎರಡೂ ಕಡೆಯ ಮನೆಗಳಲ್ಲಿ ಸಾವು ನೋಡಿದ್ದೇವೆ. ಆದರೆ ಜೀವ ಉಳಿದ ಮೇಲೆ ಆ ವರ್ಷಗಳ ಲೆಕ್ಕ ಕೇಳುವ ಹಕ್ಕು ಅವರಿಗಿದೆ ಅಂತ ನನಗೆ ಅನಿಸುತ್ತದೆ.

ಒಮಾಹಾ, ಆಗಸ್ಟ್ 2021

19 ತಿಂಗಳ ಆ ಸೀಸನ್‌ನಲ್ಲಿ ಫೈನಲ್ಸಿಗೆ ಮುಂಚಿನ ಕೊನೇ ಟೂರ್ನಿ ನಮ್ಮ ಊರಿನಲ್ಲೇ ನಡೆಯಿತು. ಆಗಸ್ಟ್ 15, ಭಾನುವಾರ. ಬೆಳಿಗ್ಗೆ ಮನೆಯಲ್ಲಿ ಧ್ವಜದ ಫೋಟೋ ಅಕ್ಕನಿಗೆ ಕಳಿಸಿ, ಸ್ವಯಂಸೇವಕರ ಅಂಗಿ ಹಾಕಿಕೊಂಡು ಹೋದೆವು. ಮತ್ತೆ ಜನ ಬಂದಿದ್ದರು. ಚಪ್ಪಾಳೆ ಕೇಳಿ ಎಷ್ಟು ಕಾಲವಾಗಿತ್ತು! ಡೇವಿಡ್ ಸ್ಕಿನ್ಸ್ ಗೆದ್ದರು. ಆಮೇಲೆ 25 ಜನರಿಗೆ ಕಾರ್ಡ್ ಕೊಡುವ ಕಾರ್ಯಕ್ರಮ. ಅಂಕಪಟ್ಟಿಯಲ್ಲಿ ಮೊದಲನೆಯವರು ಸ್ಟೆಫಾನ್ ಯೇಗರ್. ಹೆಸರು ಕರೆದ ಹಾಗೆ ಒಬ್ಬೊಬ್ಬರೇ ಬಂದು ನಿಂತರು. ಬೇಲಿಯ ಆಚೆ ಹೆಂಡತಿಯರು, ತಾಯಂದಿರು, ಕಂಕುಳಲ್ಲಿ ಮಕ್ಕಳು. ನನ್ನ ಪಕ್ಕದಲ್ಲಿ ನಿಂತಿದ್ದ ಒಬ್ಬ ಹೆಂಗಸು ಬಾಯಿ ಮುಚ್ಚಿಕೊಂಡು ಬಿಕ್ಕುತ್ತಿದ್ದಳು. ಯಾರ ತಾಯಿಯೋ ಕೇಳಲಿಲ್ಲ. ನಾನೂ ಅತ್ತೆ.

ನಮ್ಮ ಹುಡುಗ ಅಲ್ಲಿರಲಿಲ್ಲ. ಆ ಸೀಸನ್ ಪೂರ್ತಿ ಅವನಿಗೆ ಸಿಕ್ಕಿದ್ದು ಬೆರಳೆಣಿಕೆಯ ಟೂರ್ನಿಗಳು. ಕೊಟ್ಟ ಮಾತಿನಂತೆ ಆ ವರ್ಷದ ಕೊನೆಗೆ ನಿಲ್ಲಿಸಿದ. ಈಗ ಅವನ ಊರಿನ ಹತ್ತಿರ ಸಾರ್ವಜನಿಕ ಗಾಲ್ಫ್ ಮೈದಾನದಲ್ಲಿ ಮಕ್ಕಳಿಗೆ ಕಲಿಸುತ್ತಾನೆ. ಏಪ್ರಿಲಿನ ಆ ಮಾತಿಗೆ ಒಮ್ಮೆ ಅವನ ಹತ್ತಿರ ಕ್ಷಮೆ ಕೇಳಿದೆ. ಅವನಿಗೆ ಚೆನ್ನಾಗಿ ನೆನಪಿತ್ತು. ಆವತ್ತು ನೀವು ಫೋನ್ ಮಾಡಿದ್ದಿರಿ ಆಂಟಿ, ಬೇರೆ ಯಾರೂ ಮಾಡಿರಲಿಲ್ಲ ಅಂದ.

ಆ ಭಾನುವಾರಕ್ಕಿಂತ ಜಾಸ್ತಿ ನನಗೆ ಅದೇ ವಾರದ ಗುರುವಾರ ನೆನಪಿದೆ. ಬೆಳಿಗ್ಗೆ ಮೊದಲನೇ ಟೀಗೆ ಐಸಿನ ಪೆಟ್ಟಿಗೆ ತೆಗೆದುಕೊಂಡು ಹೋದಾಗ ಪಟಿಂಗ್ ಗ್ರೀನಿನ ಅಂಚಿನಲ್ಲಿ ಒಬ್ಬ ಹುಡುಗ ಚೀಲ ನಿಲ್ಲಿಸಿಕೊಂಡು ಕೂತಿದ್ದ. ಹಿಂದಿನ ವರ್ಷಗಳಲ್ಲೂ ಇಂಥವರು ಅಲ್ಲಿ ಕೂತಿರಬೇಕು, ನಾನು ಗಮನಿಸಿರಲಿಲ್ಲ. ಹನ್ನೊಂದಕ್ಕೆ ಹೋದೆ, ಇದ್ದ. ಒಂದು ಗಂಟೆಗೆ ಹೋದೆ, ಇದ್ದ. ನೀರು ಕೊಟ್ಟು, ಎಷ್ಟನೆಯವನು ಅಂತ ಕೇಳಿದೆ. ಅವನು ಆಶ್ಚರ್ಯದಿಂದ ನನ್ನ ಮುಖ ನೋಡಿ, ಎರಡು ಬೆರಳು ತೋರಿಸಿದ. ನನ್ನ ಬುತ್ತಿಯಲ್ಲಿ ಚಪಾತಿ ಪಲ್ಯ ಇತ್ತು. ಅರ್ಧ ಕೊಟ್ಟೆ. ಕೊನೇ ಗುಂಪು ಹೊಡೆದು ಫೇರ್‌ವೇ ಇಳಿದು ಹೋಗುವ ತನಕ ನಾನೂ ಅವನ ಪಕ್ಕ ಕೂತೆ. ಆಮೇಲೆ ಅವನು ಎದ್ದು ಪ್ಯಾಂಟಿನ ಹುಲ್ಲು ಕೊಡವಿಕೊಂಡ, ಟೀ ಹತ್ತಿರ ಹೆಸರು ಕರೆಯುತ್ತಿದ್ದ ಹಿರಿಯರ ಕೈ ಕುಲುಕಿದ, ಚೀಲ ಹೆಗಲಿಗೆ ಹಾಕಿಕೊಂಡು ಪಾರ್ಕಿಂಗ್ ಕಡೆ ಹೊರಟ.